ಆರು ತೊಟ್ಟಿಗೆ ಆರು ಕೆಂಪು ಬಟ್ಟೆ

ಬೆಳಗಿನ ಐದೂವರೆ ಗಂಟೆ. ಊರಿನ ಮನೆಗಳು ಮುಗಿದು ಗೋದಾಮುಗಳು ಶುರುವಾಗುವ ರಸ್ತೆಯ ಕೊನೆಯಲ್ಲಿ, ಪ್ಲಾಸ್ಟಿಕ್ ಹಾಳೆಯ ಚಾವಣಿಯಡಿ, ಆರು ಉದ್ದನೆಯ ಸಿಮೆಂಟು ತೊಟ್ಟಿಗಳಲ್ಲಿ ಕಡುಹಸಿರು ನೀರು ನಿಧಾನವಾಗಿ ಸುತ್ತು ಹಾಕುತ್ತಿದೆ. ಮೊದಲನೇ ತೊಟ್ಟಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ ಐವತ್ತೊಂದು ವರ್ಷದ ಹೆಂಗಸೊಬ್ಬರು ಬೊಗಸೆಯಲ್ಲಿ ನೀರೆತ್ತಿ ಮೂಸುತ್ತಾರೆ. ಹುಬ್ಬು ಗಂಟಾಗುತ್ತದೆ. ಚೆಲ್ಲಿ, ಮತ್ತೊಂದು ಬೊಗಸೆ ಎತ್ತಿ, ಇನ್ನೊಮ್ಮೆ ಮೂಸುತ್ತಾರೆ. ಪಕ್ಕದಲ್ಲಿಟ್ಟುಕೊಂಡ ಬಿಳಿ ಪಿಂಗಾಣಿ ತಟ್ಟೆಗೆ ಒಂದಿಷ್ಟು ಹುಯ್ದು, ಆ ಕಡೆ ಈ ಕಡೆ ವಾಲಿಸಿ, ಬೆರಳಲ್ಲಿ ಉಜ್ಜಿ ನೋಡಿ, ಕೊನೆಗೆ ಒಂದೇ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಹಾಕಿಕೊಂಡು ಪಕ್ಕದ ಪುಟ್ಟ ಕೋಣೆಗೆ ಎದ್ದು ಹೋಗುತ್ತಾರೆ. ಅಲ್ಲೊಂದು ಸೂಕ್ಷ್ಮದರ್ಶಕ ಇದೆ. ಆ ಕೋಣೆಯ ಬೀಗದ ಕೈ ಯಾವಾಗಲೂ ಅವರ ಸೊಂಟದಲ್ಲೇ ಇರುತ್ತದೆ.

ಹತ್ತು ನಿಮಿಷ ಬಿಟ್ಟು ಹೊರಗೆ ಬಂದಾಗ ಕೈಯಲ್ಲೊಂದು ಹಸಿರು ಬಟ್ಟೆಯ ತುಂಡು. ಅದನ್ನು ತೊಟ್ಟಿಯ ಪಕ್ಕದ ಕಂಬಕ್ಕೆ ಕಟ್ಟುತ್ತಾರೆ. ಹಸಿರು ಬಟ್ಟೆ ಕಂಡರೆ ಆ ತೊಟ್ಟಿಯ ನೀರನ್ನು ಸೋಸಬಹುದು. ಕೆಂಪು ಬಟ್ಟೆ ಕಂಡರೆ ಯಾರೂ ಕೈ ಅದ್ದುವಂತಿಲ್ಲ, ಯಜಮಾನರೂ ಅಷ್ಟೇ. ಈ ಕಾಯಿದೆ ಎಲ್ಲೂ ಬರೆದಿಲ್ಲ. ಏಳು ವರ್ಷದಿಂದ ನಡೆದುಕೊಂಡು ಬಂದಿದೆ.

ಇಲ್ಲಿ ಇವರಿಗೆ ಅನುಮಾನಕ್ಕ ಎಂದೇ ಹೆಸರು. ಬಂದ ಹೊಸದರಲ್ಲಿ ನೀರು ಸೋಸುವ ಹೆಂಗಸರು ಬೆನ್ನ ಹಿಂದೆ ‘ಅನುಮಾನದ ಪಿಶಾಚಿ’ ಎನ್ನುತ್ತಿದ್ದರಂತೆ. ಬರಬರುತ್ತಾ ಪಿಶಾಚಿ ಬಿದ್ದುಹೋಗಿ ಅಕ್ಕ ಬಂದು ಸೇರಿಕೊಂಡಿತು. ಪತ್ರಿಕೆಯಿಂದ ಬಂದವರ ಗುರುತಿನ ಚೀಟಿಯನ್ನೂ ಅವರು ಬೆಳಕಿಗೆ ಹಿಡಿದು, ಫೋಟೊ ನೋಡಿ, ಮುಖ ನೋಡಿ, ಮತ್ತೆ ಫೋಟೊ ನೋಡಿ ವಾಪಸು ಕೊಡುತ್ತಾರೆ. ಬೆಪ್ಪಾಗಿ ನಿಂತವರಿಗೆ ಸಮಾಧಾನ ಹೇಳುವ ರೀತಿಯೂ ಅವರದೇ: “ಬೇಜಾರು ಮಾಡ್ಕೋಬೇಡಿ. ನಮ್ಮನೆಯವರು ನೀರು ಕೊಟ್ರೂ ಹಿಂಗೇ ನೋಡ್ತೀನಿ.”

ತೊಟ್ಟಿಯಲ್ಲಿ ಬೆಳೆಯುವುದು ಸ್ಪಿರುಲಿನಾ ಎಂಬ ಪಾಚಿ. ಬಂದವರ ಮುಂದೆ ಪಾಚಿ ಎನ್ನಬಾರದೆಂದು ಯಜಮಾನರ ಕಟ್ಟಪ್ಪಣೆ. ಅನುಮಾನಕ್ಕ ಅದಕ್ಕೆ ಸೊಪ್ಪು ಹಾಕುವವರಲ್ಲ. ಸೋಸಿ, ಹಿಂಡಿ, ಎಳೆ ಎಳೆಯಾಗಿ ಒತ್ತಿ, ಒಣಗಿಸಿ, ಪುಡಿ ಮಾಡಿದರೆ ಅದು ನೂರು ಗ್ರಾಮಿನ ಡಬ್ಬಿ ಸೇರುತ್ತದೆ. ಕೊಳ್ಳುವವರಲ್ಲಿ ಮುಕ್ಕಾಲುಪಾಲು ಹಸಿ ಆಹಾರದವರು. ಅಂದರೆ ಒಲೆಯ ಮೇಲಿಟ್ಟ ಏನನ್ನೂ ಮುಟ್ಟದವರು. ಹಣ್ಣು, ತರಕಾರಿ, ಸೊಪ್ಪು, ನೆನೆಸಿದ ಬೀಜ, ಮೊಳಕೆ ಬಂದ ಕಾಳು, ಅಷ್ಟರಲ್ಲೇ ಅವರ ಊಟ. ಅಷ್ಟರಲ್ಲಿ ಮೈಗೆ ಬೇಕಾದ್ದೆಲ್ಲ ಸಿಗುತ್ತದೋ ಇಲ್ಲವೋ ಎಂಬ ಅಳುಕು ಅವರಿಗೂ ಇದೆ. ಮಾತ್ರೆ ಎಂದರೆ ಮೂಗು ಮುರಿಯುತ್ತಾರೆ. ಪುಡಿ ಎಂದರೆ ಕೈ ಚಾಚುತ್ತಾರೆ. ಡಬ್ಬಿಯ ಮೇಲೆ ‘ನೈಸರ್ಗಿಕ’ ಎಂದು ಬರೆದಿದ್ದರಂತೂ ಎರಡೂ ಕೈ. ಇಂಥ ಡಬ್ಬಿಗಳು ಅಂಗಡಿಯಲ್ಲಿ ಗೋಡೆ ತುಂಬ ಇವೆ: ಗೋಧಿ ಹುಲ್ಲಿನದು, ಸಮುದ್ರದ ಕಳೆಯದು, ಎಲೆಗಳದು. ಅವುಗಳ ಮೇಲೆ ಬರೆದದ್ದನ್ನೆಲ್ಲ ನಂಬಿದರೆ ಆಸ್ಪತ್ರೆಗಳನ್ನು ಮುಚ್ಚಿಬಿಡಬಹುದು.

ಒಣಗಿಸುವ ಕೋಣೆ ಅನುಮಾನಕ್ಕನ ಎರಡನೇ ಕಾವಲು. ನಲವತ್ತೆರಡು ಡಿಗ್ರಿ ದಾಟಿದರೆ ಹಸಿ ಆಹಾರದವರ ಲೆಕ್ಕದಲ್ಲಿ ಅದು ಬೆಂದ ಹಾಗೆ. ಒಣಗಿಸುವ ಯಂತ್ರದಲ್ಲೇ ಶಾಖ ತೋರಿಸುವ ಮುಳ್ಳು ಇದೆ. ಅದರ ಪಕ್ಕದಲ್ಲಿ ಇವರೇ ಕೇಳಿ ತರಿಸಿಕೊಂಡ ಇನ್ನೆರಡು ಶಾಖಮಾಪಕಗಳು ನೇತಾಡುತ್ತಿವೆ. ಯಾಕೆ ಮೂರು ಎಂದರೆ ನಗುತ್ತಾರೆ. “ಒಂದೇ ಇದ್ರೆ ನಂಬಲೇಬೇಕಾಗುತ್ತೆ. ಎರಡಿದ್ರೆ ಜಗಳ ಆಡ್ತವೆ. ಮೂರು ಇದ್ರೆ ಸುಳ್ಳು ಹೇಳ್ತಿರೋದು ಯಾವುದು ಅಂತ ಗೊತ್ತಾಗುತ್ತೆ.” ಹೋದ ವರ್ಷ ಸುಳ್ಳು ಹೇಳಿದ್ದು ಯಂತ್ರದ ಮುಳ್ಳೇ.

ಈ ಕಣ್ಣು ಅವರಿಗೆ ಬಂದದ್ದು ಬಾಟಲಿಗಳಿಂದ. ಏಳನೇ ತರಗತಿಗೆ ಶಾಲೆ ಬಿಟ್ಟ ಮೇಲೆ ಮನೆಗೆಲಸ, ಪ್ಯಾಕಿಂಗು ಅಂತ ಅಲ್ಲಿ ಇಲ್ಲಿ ದುಡಿದು, ಮೂವತ್ತೈದರ ಹೊತ್ತಿಗೆ ಕುಡಿಯುವ ನೀರು ತುಂಬುವ ಕಾರ್ಖಾನೆಯೊಂದಕ್ಕೆ ಸೇರಿದರು. ಅಲ್ಲಿ ಒಂಬತ್ತು ವರ್ಷ ಒಂದೇ ಕೆಲಸ. ಬಿಳಿ ದೀಪದ ಹಲಗೆಯ ಮುಂದೆ ಕೂತು, ಎದುರಿಗೆ ಸಾಗಿಬರುವ ಒಂದೊಂದು ಬಾಟಲಿಯಲ್ಲೂ ಕಸ ತೇಲುತ್ತಿದೆಯೇ ಎಂದು ನೋಡುವುದು. ನಿಮಿಷಕ್ಕೆ ಮೂವತ್ತು ಬಾಟಲಿ. ಕಣ್ಣು ಮಿಟುಕಿಸುವುದಕ್ಕೂ ಲೆಕ್ಕ. ಕೊನೆಗೊಂದು ದಿನ ಆ ಜಾಗಕ್ಕೆ ಕ್ಯಾಮೆರಾ ಬಂತು, ಇವರು ಮನೆಗೆ ಬಂದರು. ಆ ಕ್ಯಾಮೆರಾ ಸರಿಯಾಗಿ ನೋಡುತ್ತದೆ ಎಂದು ಅನುಮಾನಕ್ಕ ಇವತ್ತಿಗೂ ಒಪ್ಪುವುದಿಲ್ಲ. ಅಂಗಡಿಯಲ್ಲಿ ಆ ಕಾರ್ಖಾನೆಯ ಬಾಟಲಿ ಕಂಡರೆ ಎತ್ತಿ ಬೆಳಕಿಗೆ ಹಿಡಿಯುವ ಚಾಳಿ ಬಿಟ್ಟಿಲ್ಲ.

ಸೂಕ್ಷ್ಮದರ್ಶಕ ಕಲಿಸಿದ್ದು ಇಲ್ಲಿನ ಯಜಮಾನರೇ. ವಿಜ್ಞಾನ ಓದಿಕೊಂಡವರು, ಅನುಮಾನಕ್ಕನಿಗಿಂತ ಹತ್ತು ವರ್ಷ ಚಿಕ್ಕವರು, ಇವರನ್ನು ಅಕ್ಕ ಎಂದೇ ಕರೆಯುತ್ತಾರೆ. ಒಳ್ಳೆಯ ಪಾಚಿ ಸುರುಳಿ ಸುರುಳಿಯಾಗಿ ಕಾಣುತ್ತದೆ, ಪೆನ್ನಿನೊಳಗಿನ ಸ್ಪ್ರಿಂಗಿನಂತೆ. ಅದರ ನಡುವೆ ನೆಟ್ಟಗಿನ ಎಳೆಯೋ ದುಂಡನೆಯ ಗುಳ್ಳೆಯೋ ಕಂಡರೆ ಅದು ಹೊರಗಿನದು. ಹೊರಗಿನವುಗಳಲ್ಲಿ ಕೆಲವು ನಿರಪಾಯ, ಕೆಲವು ವಿಷ. ಬರಿಗಣ್ಣಿಗೆ ಎಲ್ಲವೂ ಒಂದೇ ಹಸಿರು. ಹೆಸರುಗಳು ನಾಲಿಗೆಗೆ ಹೊರಳುವುದಿಲ್ಲವೆಂದು ಅನುಮಾನಕ್ಕ ಕಂಡದ್ದನ್ನೆಲ್ಲ ಶಾಲೆಯ ನೋಟ್‌ಪುಸ್ತಕದಲ್ಲಿ ಚಿತ್ರ ಬರೆದಿಟ್ಟಿದ್ದಾರೆ. ಈಗ ಹನ್ನೊಂದನೇ ಪುಸ್ತಕ ನಡೆಯುತ್ತಿದೆ. ಒಂದು ಪುಟದಲ್ಲಿ ಉದ್ದ ಮೀಸೆಯ ಹುಳವೊಂದಿದೆ. ಅದರ ಪಕ್ಕದಲ್ಲಿ ‘ಕಳ್ಳ, ಮೂರನೇ ತೊಟ್ಟಿ’ ಎಂದು ಬರೆದಿದೆ.

ದಿನವೂ ನಾಲ್ಕು ತೊಟ್ಟಿ ಸೋಸುತ್ತಾರೆ. ಹತ್ತು ಕಿಲೋ ಹಸಿ ಹಿಂಡಿ ಸಿಕ್ಕರೆ ಒಣಗುವ ಹೊತ್ತಿಗೆ ಎರಡು ಕಿಲೋ. ಅಷ್ಟಕ್ಕೆ ಇಪ್ಪತ್ತು ಡಬ್ಬಿ. ತೊಟ್ಟಿಯಿಂದ ಕೋಣೆಗೆ, ಕೋಣೆಯಿಂದ ತೊಟ್ಟಿಗೆ ಅನುಮಾನಕ್ಕ ಬೆಳಿಗ್ಗೆಯೇ ಹನ್ನೆರಡು ಸಲ ಓಡಾಡುತ್ತಾರೆ. ಪಾಚಿ ಬೆಳೆಯಲೆಂದು ಸೋಡಾ ಬೆರೆಸಿದ ನೀರಿಗೆ ಅಂಗೈ ಸೀಳು ಬಿಟ್ಟಿದೆ, ಉಗುರಿನ ಸಂದು ಯಾವ ಸೋಪಿಗೂ ಬಗ್ಗದ ಹಸಿರು. ಇಷ್ಟೆಲ್ಲ ಕಣ್ಣಲ್ಲಿ ಕಣ್ಣಿಟ್ಟು ಕಾದವರು ಒಂದೇ ಒಂದು ಕಡೆ ನೋಡಲಿಲ್ಲ. ಅದನ್ನು ಹೇಳುವಾಗ ಅವರ ದನಿ ಇಳಿಯುತ್ತದೆ.

“ಎಲ್ಲಾರನ್ನೂ ಅನುಮಾನಿಸ್ದೆ. ನಮ್ಮ ಡಬ್ಬೀನ ಮಾತ್ರ ನಂಬ್ಬಿಟ್ಟೆ.”

ಅನುಮಾನಕ್ಕನಿಗೆ ಒಬ್ಬಳೇ ತಂಗಿ, ಆರು ವರ್ಷ ಚಿಕ್ಕವಳು. ಎರಡು ಬೀದಿ ಆಚೆ, ಮಹಡಿಯ ಮೇಲಿನ ಒಂದೇ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಪರದೆ, ದಿಂಬಿನ ಚೀಲ, ಶಾಲೆಯ ಸಮವಸ್ತ್ರ ಹೊಲಿಯುತ್ತಾಳೆ. ಇಪ್ಪತ್ತು ವರ್ಷದ ಅರೆತಲೆನೋವು ಅವಳದು. ಎಲ್ಲ ಔಷಧಿ ಮುಗಿದ ಮೇಲೆ ನಾಲ್ಕು ವರ್ಷದ ಹಿಂದೆ ಯಾರದೋ ಮಾತು ಕೇಳಿ ಒಲೆ ಆರಿಸಿದಳು. ಬೆಂದದ್ದು ಬಿಟ್ಟಳು, ಹಾಲು ಮೊಸರು ಮೊಟ್ಟೆಯನ್ನೂ ಬಿಟ್ಟಳು. ತಲೆನೋವು ಹೋಯಿತು. ಇದರಲ್ಲಿ ಸುಳ್ಳಿಲ್ಲ, ಅನುಮಾನಕ್ಕನೇ ಒಪ್ಪುತ್ತಾರೆ. ಆದರೂ ಬರೀ ಸೊಪ್ಪು ತಿಂದು ತಂಗಿ ಸೊರಗಿಯಾಳು ಎಂಬ ದಿಗಿಲಿಗೆ ತಾವೇ ಡಬ್ಬಿ ತಂದುಕೊಟ್ಟರು. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ‘ನೈಸರ್ಗಿಕ ಬಿ-12 ಹೇರಳವಾಗಿದೆ’ ಎಂದಿತ್ತು. ಪ್ರಾಣಿಮೂಲದ್ದೇನನ್ನೂ ತಿನ್ನದವರಿಗೆ ಕೊರತೆ ಬೀಳುವುದು ಆ ವಿಟಮಿನ್ ಒಂದೇ ಎಂದು ಯಜಮಾನರು ಬಂದವರಿಗೆಲ್ಲ ಹೇಳುವುದನ್ನು ಅನುಮಾನಕ್ಕ ಕೇಳಿದ್ದರು. ಅಕ್ಕ ಕೈಯಾರೆ ಮಾಡಿದ್ದು ಎಂದು ತಂಗಿ ದಿನಕ್ಕೆರಡು ಚಮಚ ಕಲಸಿಕೊಂಡು ಕುಡಿದಳು. ಮೂರು ವರ್ಷ ಒಂದು ದಿನವೂ ತಪ್ಪಿಸಲಿಲ್ಲ.

ಒಂದು ಭಾನುವಾರ ತಂಗಿ ಅಕ್ಕನ ಮನೆಗೆ ಬಂದಾಗ ಒಂದು ಕಾಲಲ್ಲಿ ಮಾತ್ರ ಚಪ್ಪಲಿ ಇತ್ತು. ಇನ್ನೊಂದು ಎಲ್ಲೋ ದಾರಿಯಲ್ಲಿ ಜಾರಿಹೋಗಿತ್ತು. ಜಾರಿದ್ದೇ ಅವಳಿಗೆ ಗೊತ್ತಿಲ್ಲ. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು, ಅವಳೂ ನಕ್ಕಳು. ಅನುಮಾನಕ್ಕನ ಗಂಡ, ಸಾಮಾನು ಸಾಗಿಸುವ ವ್ಯಾನಿನ ಡ್ರೈವರು, ನಾದಿನಿಯನ್ನು ಗೋಳುಹೊಯ್ದುಕೊಳ್ಳುವುದರಲ್ಲಿ ಎತ್ತಿದ ಕೈ. ಮುಂದಿನ ಸಲ ಕಾಲನ್ನೇ ಬಿಟ್ಟು ಬರುತ್ತೀಯ ನೋಡು ಎಂದರು. ಅನುಮಾನಕ್ಕ ಒಬ್ಬರೇ ನಗಲಿಲ್ಲ.

ಅವತ್ತಿನಿಂದ ತಂಗಿಯ ಮೇಲೆ ಕಣ್ಣಿಟ್ಟರು. ಮುಖಕ್ಕೆ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿದ ಕೂಡಲೇ ಅವಳ ಮೈ ಓಲಾಡುತ್ತದೆ, ಕೈ ಗೋಡೆ ಹುಡುಕುತ್ತದೆ. ನಾಲಿಗೆ ಕೆಂಪಗೆ ನುಣ್ಣಗಾಗಿದೆ. ಮೆಟ್ಟಿಲಿಳಿಯುವಾಗ ಪಾದ ನೋಡಿಕೊಂಡೇ ಇಳಿಯುತ್ತಾಳೆ. ಆಸ್ಪತ್ರೆಗೆ ಹೋಗೋಣ ಎಂದರೆ ತಂಗಿ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಅಕ್ಕನ ಕಾಟ ತಾಳಲಾರದೆ ಬೀದಿ ಕೊನೆಯ ಪ್ರಯೋಗಾಲಯಕ್ಕೆ ಹೋಗಿ ರಕ್ತ ಕೊಟ್ಟು ಬಂದಳು. ರಕ್ತ ಚೆನ್ನಾಗಿದೆ, ಹಿಮೋಗ್ಲೋಬಿನ್ ಹದಿಮೂರು ಇದೆ ಎಂದು ಚೀಟಿ ಬಂತು. ಆ ಚೀಟಿಯನ್ನು ಅಕ್ಕನ ಮೂಗಿನ ಮುಂದೆ ಆಡಿಸಿ, ನಿನ್ನ ಪಾಚಿಯ ಮೇಲೇ ನಿನಗೆ ನಂಬಿಕೆ ಇಲ್ಲವಲ್ಲ ಎಂದು ಅಣಕಿಸಿದಳು. ಅನುಮಾನಕ್ಕ ಸುಮ್ಮನಾದರು. ಮೂರು ತಿಂಗಳು ಸುಮ್ಮನಿದ್ದರು. ತಮ್ಮ ಜೀವಮಾನದ ತಪ್ಪು ಆ ಮೂರು ತಿಂಗಳು ಎನ್ನುತ್ತಾರೆ.

ಮೂರನೇ ತಿಂಗಳ ಕೊನೆಗೆ ಹೊಲಿಗೆ ಯಂತ್ರದ ಸೂಜಿ ತಂಗಿಯ ತೋರುಬೆರಳಿನೊಳಗೆ ಇಳಿಯಿತು. ಕರೆಂಟಿನ ಯಂತ್ರ ಅದು, ಪಾದ ಒತ್ತಿದಷ್ಟು ಓಡುತ್ತದೆ. ತಂಗಿ ಪಾದ ಎತ್ತಿದ್ದೇನೆ ಎಂದುಕೊಂಡಿದ್ದಳು. ಪಾದ ಒತ್ತಿಕೊಂಡೇ ಇತ್ತು. ಸುದ್ದಿ ಕೇಳಿ ಓಡಿದ ಅನುಮಾನಕ್ಕ ಬೆರಳಿನ ಗಾಯ ನೋಡಲಿಲ್ಲ, ಮೊದಲು ನೋಡಿದ್ದು ಮೇಜಿನ ಕೆಳಗಿನ ಆ ಕಾಲನ್ನು. ಅವತ್ತೇ ತಂಗಿಯನ್ನು ಎಳೆದುಕೊಂಡು ದೊಡ್ಡಾಸ್ಪತ್ರೆಗೆ ಹೋದರು.

ಅಲ್ಲಿನ ವಯಸ್ಸಾದ ಡಾಕ್ಟರಮ್ಮ ರಕ್ತದ ಚೀಟಿಯನ್ನು ಪಕ್ಕಕ್ಕಿಟ್ಟು, ಕವಲೊಡೆದ ಒಂದು ಉಕ್ಕಿನ ಕಡ್ಡಿಯನ್ನು ಮೇಜಿಗೆ ಬಡಿದು, ಝುಂಯ್ ಎನ್ನುವ ಅದರ ಬುಡವನ್ನು ತಂಗಿಯ ಕಾಲಿನ ಹೆಬ್ಬೆರಳಿಗೆ ಆನಿಸಿದರು. ನಡುಗುವುದು ಗೊತ್ತಾಗುತ್ತಿದೆಯೇ ಎಂದು ಕೇಳಿದರು. ಯಾವುದು ನಡುಗುವುದು ಎಂದು ತಂಗಿ ಕೇಳಿದಳು. ಅದೇ ಕಡ್ಡಿಯನ್ನು ಅನುಮಾನಕ್ಕನ ಹೆಬ್ಬೆರಳಿಗೆ ಇಟ್ಟಾಗ ಮೊಣಕಾಲಿನವರೆಗೂ ಝುಮ್ಮೆಂದಿತು.

ಡಾಕ್ಟರಮ್ಮ ಬಿಡಿಸಿ ಹೇಳಿದ್ದನ್ನು ಅನುಮಾನಕ್ಕ ಈಗಲೂ ಒಂದಕ್ಷರ ಬಿಡದೆ ಒಪ್ಪಿಸುತ್ತಾರೆ. ಬಿ-12 ಸಾಲದೆ ಬಂದರೆ ಮೊದಲು ರಕ್ತ ಕೆಡುವುದು ವಾಡಿಕೆ. ಆದರೆ ರಾಶಿ ಹಸಿ ಸೊಪ್ಪು ತಿನ್ನುವವರಲ್ಲಿ ಸೊಪ್ಪಿನ ಸತ್ವ ರಕ್ತವನ್ನು ಎತ್ತಿ ಹಿಡಿದಿರುತ್ತದೆ. ಚೀಟಿ ಚೆನ್ನಾಗಿ ಬರುತ್ತದೆ, ಒಳಗೆ ನರ ಸವೆಯುತ್ತಿರುತ್ತದೆ. ಹಾಗಾದರೆ ನಮ್ಮ ಪುಡಿಯಲ್ಲಿ ಬಿ-12 ಇದೆಯಲ್ಲ ಎಂದು ಅನುಮಾನಕ್ಕ ಚೀಲದಿಂದ ಡಬ್ಬಿ ತೆಗೆದು ತೋರಿಸಿದರು. ಡಾಕ್ಟರಮ್ಮ ಡಬ್ಬಿಯನ್ನು ತಿರುಗಿಸಿ ಓದಿ ನಿಟ್ಟುಸಿರು ಬಿಟ್ಟರು. “ಪಾಚಿನಲ್ಲಿ ಇರೋದು ಬಹುಮಟ್ಟಿಗೆ ಅದರ ಥರಾನೇ ಕಾಣೋ ಇನ್ನೊಂದು ಕಣಮ್ಮ. ಬೀಗಕ್ಕೆ ಹೋಗೋ ಕೀಲಿ, ಆದ್ರೆ ತಿರುಗಲ್ಲ.”

ಥೇಟ್ ಅದರಂತೆ ಕಾಣುವ ಇನ್ನೊಂದು. ಏಳು ವರ್ಷ ಬೆಳಗಾದರೆ ಅನುಮಾನಕ್ಕ ಹಿಡಿದು ಹೊರಗೆ ಹಾಕುತ್ತಿದ್ದದ್ದು ಅಂಥವನ್ನೇ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅತ್ತದ್ದನ್ನು ಅವರು ಮುಚ್ಚಿಡುವುದಿಲ್ಲ. “ನನ್ನ ತಂಗಿ ಕಾಲನ್ನ ನಾನೇ ಚಮಚ ಚಮಚ ತಿಂದುಹಾಕ್ದೆ ಅನ್ನಿಸ್ತು.”

ಮರುಪರೀಕ್ಷೆಯಲ್ಲಿ ಡಾಕ್ಟರಮ್ಮನ ಮಾತೇ ನಿಜವಾಯಿತು. ಇಂಜೆಕ್ಷನ್ ಶುರುವಾಗಬೇಕು. ತಂಗಿ ಅದಕ್ಕೂ ತಕರಾರು ತೆಗೆದಳು. ಕಾರ್ಖಾನೆಯ ಔಷಧಿ ಅದು, ನೈಸರ್ಗಿಕ ಅಲ್ಲ ಎಂದಳು. ಪಾಚಿಯೂ ಕಾರ್ಖಾನೆಯದೇ, ನಾನೇ ಅಲ್ಲವೇನೇ ಮಾಡುವವಳು ಎಂದು ಅಕ್ಕ ಗದರಿದರು. ಇಂಜೆಕ್ಷನ್ನಿನ ಔಷಧಿಯನ್ನೂ ತೊಟ್ಟಿಯಲ್ಲಿ ಸೂಕ್ಷ್ಮಜೀವಿ ಬೆಳೆಸಿಯೇ ತೆಗೆಯುವುದು ಎಂದು ಡಾಕ್ಟರಮ್ಮ ಹೇಳಿದಾಗ ತಂಗಿ ತೋಳು ಮುಂದೆ ಮಾಡಿದಳು. ಅನುಮಾನಕ್ಕನಿಗೆ ಆಗ ಬೇರೊಂದು ಚಿಂತೆ ಹತ್ತಿತು. “ಅಲ್ಲಿ ತೊಟ್ಟಿ ನೋಡ್ಕೊಳ್ಳೋರು ಯಾರು ಡಾಕ್ಟ್ರಮ್ಮ, ಗಟ್ಟಿ ಆಸಾಮಿನಾ?” ಎಂದು ಕೇಳಿಯೇಬಿಟ್ಟರು.

ಮರುದಿನ ಕೆಲಸಕ್ಕೆ ಬಂದವರೇ ಯಜಮಾನರ ಮುಂದೆ ಡಬ್ಬಿ ಇಟ್ಟು, ಆ ಸಾಲು ತೆಗೆಸಿ ಎಂದರು. ಯಜಮಾನರು ಕೆಟ್ಟವರಲ್ಲ, ಆದರೆ ಅವರ ಹತ್ತಿರವೂ ಒಂದು ಕಾಗದವಿತ್ತು. ದೊಡ್ಡ ಪ್ರಯೋಗಾಲಯವೊಂದು ಪುಡಿಯನ್ನು ಪರೀಕ್ಷಿಸಿ ಬಿ-12 ಇದೆ ಎಂದು ಮೊಹರು ಹಾಕಿ ಕೊಟ್ಟದ್ದು. ಆ ಸಾಲು ನೋಡಿಯೇ ಜನ ಡಬ್ಬಿ ಎತ್ತಿಕೊಳ್ಳುವುದು, ಪಕ್ಕದ ಕಂಪನಿಯವರ ಡಬ್ಬಿಯಲ್ಲಿ ಅದೇ ಸಾಲು ಇನ್ನೂ ದಪ್ಪಗಿದೆ ಎಂದರು. ಆಮೇಲೆ ಅವರ ಕಣ್ಣೂ ಸಣ್ಣಗಾಯಿತು. ಇದನ್ನೆಲ್ಲ ನಿಮಗೆ ಯಾರು ಹೇಳಿಕೊಟ್ಟರು, ಪಕ್ಕದ ಕಂಪನಿಯವರು ಏನಾದರೂ ಮಾತಾಡಿಸಿದರೇ ಎಂದು ಕೇಳಿದರು. ಅನುಮಾನಿಸಿಯೇ ಗೊತ್ತಿದ್ದ ಹೆಂಗಸಿಗೆ ತಾನು ಅನುಮಾನಕ್ಕೆ ಗುರಿಯಾದದ್ದು ಅದೇ ಮೊದಲು. ಮೈಯೆಲ್ಲ ಉರಿದುಹೋಯಿತು ಎನ್ನುತ್ತಾರೆ. ಡಬ್ಬಿ ಎತ್ತಿಕೊಂಡು ಎದ್ದು ಬಂದರು.

ಅದರ ಮಾರನೆಯ ಬೆಳಿಗ್ಗೆ ಸೋಸುವ ಹೆಂಗಸರು ಬಂದು ನೋಡಿದರೆ ಆರೂ ಕಂಬಗಳಲ್ಲಿ ಕೆಂಪು ಬಟ್ಟೆ.

ಒಂದು ತೊಟ್ಟಿ ಕೆಡುವುದುಂಟು, ಎರಡು ಕೆಡುವುದುಂಟು. ಆರಕ್ಕೆ ಆರೂ ಕೆಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಯಜಮಾನರು ಹಾವು ತುಳಿದವರಂತೆ ಓಡಿಬಂದರು. ಬೀಗದ ಕೈ ಇಸಿದುಕೊಂಡು ತಾವೇ ಆರು ಹನಿ ನೋಡಿದರು. ಎಲ್ಲ ಚೊಕ್ಕ ಸುರುಳಿಗಳು, ಒಂದೇ ಒಂದು ಕಳ್ಳ ಇಲ್ಲ. ಹೊರಗೆ ಬಂದು, ನೀರಿನಲ್ಲಿ ಏನಿದೆ ಅಕ್ಕ ಎಂದು ಕೇಳಿದರು.

“ನೀರಲ್ಲಿ ಏನೂ ಇಲ್ಲ ಸಾರ್. ಡಬ್ಬಿ ಮೇಲಿದೆ.”

ಸಿಟ್ಟಿಗೆ ಯಜಮಾನರು ಒಂದು ಕಂಬದ ಕೆಂಪು ಬಟ್ಟೆ ಕಿತ್ತು ತಾವೇ ಹಸಿರು ಕಟ್ಟಿದರು. ಸೋಸುವ ಹೆಂಗಸರು ಬಟ್ಟೆಯನ್ನೊಮ್ಮೆ, ಅನುಮಾನಕ್ಕನನ್ನೊಮ್ಮೆ ನೋಡಿದರು. ನೀವು ಕಟ್ಟಿದ್ದಾ ಎಂದು ಕೇಳಿದರು. ಅಲ್ಲ ಎಂದರು ಅನುಮಾನಕ್ಕ. ಆ ಹೆಂಗಸರು ಕೈ ತೊಳೆದುಕೊಂಡು ಗೋಡೆಗೆ ಒರಗಿ ಕೂತರು. ಅವರಿಗೆ ಬಿ-12 ಎಂದರೆ ಏನೆಂದು ಗೊತ್ತಿರಲಿಲ್ಲ, ಅನುಮಾನಕ್ಕ ಹೇಳಿಯೂ ಇರಲಿಲ್ಲ. ಅನುಮಾನಕ್ಕ ಕಟ್ಟದ ಹಸಿರನ್ನು ಅವರು ಇಷ್ಟು ವರ್ಷದಲ್ಲಿ ಎಂದೂ ಮುಟ್ಟಿದವರಲ್ಲ, ಅಷ್ಟೇ.

ಸೋಸದೆ ಬಿಟ್ಟರೆ ಪಾಚಿ ದಟ್ಟವಾಗುತ್ತದೆ. ದಟ್ಟವಾದರೆ ತಳಕ್ಕೆ ಬೆಳಕು ಇಳಿಯುವುದಿಲ್ಲ, ತಳದ್ದು ಸಾಯುತ್ತದೆ, ನೀರು ನಾತ ಹೊಡೆಯುತ್ತದೆ. ಎರಡನೇ ದಿನ ಐದನೇ ತೊಟ್ಟಿಯಲ್ಲಿ ನೊರೆ ಎದ್ದಿತು. ಅದನ್ನು ನೋಡುತ್ತಾ ಕೂರುವುದು ಯಜಮಾನರಿಗಿಂತ ಅನುಮಾನಕ್ಕನಿಗೇ ಕಷ್ಟವಾಯಿತು. ಸಾಕಿದ್ದು ತಾವೇ ಅಲ್ಲವೇ. ಕೆಲಸ ಹೋದರೆ ತಂಗಿಯ ಆಸ್ಪತ್ರೆ ಓಡಾಟಕ್ಕೆ ಏನು ಗತಿ ಎಂದು ಗಂಡನೂ ಕೇಳಿದರು. ಆದರೂ ಪಟ್ಟು ಸಡಿಲಿಸಲಿಲ್ಲ. ಇನ್ಯಾರದೋ ಮನೆಯಲ್ಲಿ ಇನ್ಯಾವುದೋ ತಂಗಿ ಇದೇ ಸಾಲು ಓದಿ ಎರಡು ಚಮಚ ಕಲಸುತ್ತಿರುತ್ತಾಳೆ ಎಂಬುದೊಂದೇ ಅವರ ತಲೆಯಲ್ಲಿ ಕೊರೆಯುತ್ತಿತ್ತು.

ಮೂರನೇ ಬೆಳಿಗ್ಗೆ ಯಜಮಾನರೇ ಕರೆದರು. ಮೇಜಿನ ಮೇಲೆ ಪ್ರಯೋಗಾಲಯದ ಕಾಗದವಿತ್ತು. ಏನು ಕೇಳಬೇಕೋ ಹೇಳಿ, ನಿಮ್ಮ ಮುಂದೆಯೇ ಕೇಳುತ್ತೇನೆ ಎಂದು ಫೋನಿನ ಸ್ಪೀಕರ್ ಹಾಕಿದರು. ಅನುಮಾನಕ್ಕ ಆಸ್ಪತ್ರೆಯ ಬೆಂಚಿನ ಮೇಲೆಯೇ ಆ ಪ್ರಶ್ನೆ ಕಟ್ಟಿಟ್ಟುಕೊಂಡಿದ್ದರು. ನಿಮ್ಮ ಪರೀಕ್ಷೆ ಎಣಿಸುವುದು ಅಸಲನ್ನು ಮಾತ್ರವೋ, ಅಸಲಿನಂತೆ ಕಾಣುವುದನ್ನೂ ಸೇರಿಸಿಯೋ? ಎರಡೂ ಸೇರುತ್ತವೆ ಎಂಬ ಉತ್ತರ ಆ ಕಡೆಯಿಂದ ಬಂತು. ಅಸಲು ಎಷ್ಟು ಎಂದರೆ, ಈ ಪರೀಕ್ಷೆಯಲ್ಲಿ ಅದು ಗೊತ್ತಾಗುವುದಿಲ್ಲ. ಮೊದಲೇ ಯಾಕೆ ಹೇಳಲಿಲ್ಲ ಎಂದು ಯಜಮಾನರು ದನಿ ಏರಿಸಿದರು. ನೀವು ಕೇಳಲಿಲ್ಲವಲ್ಲ ಸಾರ್ ಎಂದಿತು ಫೋನು.

ಯಜಮಾನರು ಆ ಕಾಗದವನ್ನು ಮಡಚಿಟ್ಟರು. ಎದ್ದು ಬೀರುವಿನಿಂದ ಡಬ್ಬಿಗೆ ಅಂಟಿಸುವ ಚೀಟಿಗಳ ಸುರುಳಿಯನ್ನು ತಂದು ಅನುಮಾನಕ್ಕನ ಮುಂದೆ ಇಟ್ಟರು. ಅವತ್ತು ಪ್ಯಾಕಿಂಗ್ ಕೋಣೆಯಲ್ಲಿ ನಾಲ್ಕು ಜನ ಕೂತು ಕಪ್ಪು ಮಸಿಯಲ್ಲಿ ಆ ಸಾಲನ್ನು ಹೊಡೆದುಹಾಕಿದರು. ಈಗಿನ ಡಬ್ಬಿಯಲ್ಲಿ ಅದೇ ಜಾಗದಲ್ಲಿ ಬೇರೆ ಸಾಲಿದೆ: ‘ಬಿ-12ಕ್ಕಾಗಿ ಇದನ್ನು ನಂಬಬೇಡಿ. ಅದನ್ನು ಬೇರೆಯಾಗಿ ತೆಗೆದುಕೊಳ್ಳಿ.’ ಹಳೆಯ ಗಿರಾಕಿಗಳಿಗೆ ಯಜಮಾನರು ಸಂದೇಶವನ್ನೂ ಕಳಿಸಿದರು. ಕೆಲವರು ಬೈದು ಬರೆದರು, ಕೆಲವರು ಪಕ್ಕದ ಕಂಪನಿಯ ಡಬ್ಬಿಗೆ ಹೋದರು. ಮೂವರು ಮಾತ್ರ ತಮ್ಮ ಕಾಲೂ ಜುಮುಗುಡುತ್ತಿದೆ, ಯಾವ ಡಾಕ್ಟರ ಹತ್ತಿರ ಹೋಗಬೇಕು ಎಂದು ಕೇಳಿದರು. ಆ ಮೂವರ ಸಂದೇಶ ಅನುಮಾನಕ್ಕನ ಫೋನಿನಲ್ಲಿ ಇನ್ನೂ ಇದೆ.

ಇಷ್ಟಾದ ಮೇಲೆ ಅನುಮಾನಕ್ಕ ಯಜಮಾನರನ್ನು ನಂಬಿದರೇ? ಎಲ್ಲಿಯ ಮಾತು. ತಿಂಗಳಿಗೊಮ್ಮೆ ಊರಿನ ಬೇರೆ ಬೇರೆ ಅಂಗಡಿಗೆ ಹೋಗಿ ಡಬ್ಬಿ ತಿರುಗಿಸಿ ನೋಡುತ್ತಾರೆ. ಐದನೇ ತಿಂಗಳಲ್ಲಿ, ದೂರದ ಅಂಗಡಿಯೊಂದರ ಮೇಲಿನ ಕಪಾಟಿನಲ್ಲಿ ಹಳೇ ಸಾಲಿನ ಡಬ್ಬಿಯೊಂದು ಕಂಡಿತು. ಕೊಂಡು ತಂದು ಯಜಮಾನರ ಮೇಜಿನ ಮೇಲಿಟ್ಟರು. “ಹಳೇ ಸ್ಟಾಕು ಅಂತಾರೆ. ಇರಬಹುದು,” ಎನ್ನುತ್ತಾರೆ. ಆ ‘ಇರಬಹುದು’ ಎಂಬುದನ್ನು ಅವರು ಹೇಳುವ ರೀತಿಯನ್ನು ಬರೆದು ತೋರಿಸುವುದು ಕಷ್ಟ. ಯಜಮಾನರಿಗೆ ಇದೆಲ್ಲ ಗೊತ್ತು. ಸೂಕ್ಷ್ಮದರ್ಶಕದ ಕೋಣೆಯ ಬೀಗದ ಕೈಯನ್ನು ಅವರಾಗಿಯೇ ವಾಪಸು ಕೊಟ್ಟಿದ್ದಾರೆ. ಹೊಸ ಚೀಟಿ ಅಚ್ಚಿಗೆ ಹೋಗುವ ಮೊದಲು ಅದರ ಒಂದು ಪ್ರತಿಯೂ ಈಗ ಬಿಳಿ ತಟ್ಟೆಯ ಪಕ್ಕ ಬಂದು ಕೂರುತ್ತದೆ. ಅದನ್ನು ಓದಿ ಮುಗಿಸಿ ಅನುಮಾನಕ್ಕ ಹಸಿರು ಬಟ್ಟೆಯ ಚೂರೊಂದನ್ನು ಅದಕ್ಕೆ ಪಿನ್ನು ಮಾಡಿ ಕೊಡುತ್ತಾರೆ.

ತಂಗಿ ಈಗಲೂ ಹಸಿ ಆಹಾರವನ್ನೇ ತಿನ್ನುತ್ತಾಳೆ. ಒಲೆ ಹಚ್ಚು ಎಂದು ಅಕ್ಕನೂ ಹೇಳಿಲ್ಲ. ತಲೆನೋವು ಇಲ್ಲವಲ್ಲ, ತಿನ್ನಲಿ ಎನ್ನುತ್ತಾರೆ. ಇಂಜೆಕ್ಷನ್ ಮೊದಲು ದಿನ ಬಿಟ್ಟು ದಿನ ಇತ್ತು, ಆಮೇಲೆ ವಾರಕ್ಕೊಂದಾಯಿತು, ಈಗ ತಿಂಗಳಿಗೊಂದು. ಎಂಟು ತಿಂಗಳಾಯಿತು. ನರ ಎಷ್ಟು ಮರಳಿ ಬರುತ್ತದೋ ಅಷ್ಟೇ, ಪೂರ್ತಿ ಬರುತ್ತದೆ ಎಂದು ಹೇಳಲಾರೆ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದಾರೆ. ತಂಗಿಯನ್ನು ಕೇಳಿದರೆ ಎಲ್ಲ ಸರಿಹೋಗಿದೆ ಎನ್ನುತ್ತಾಳೆ. ಅಕ್ಕನ ಕಣ್ಣಲ್ಲಿ ನೀರು ನೋಡಲಾರದೆ ಹಾಗೆನ್ನುತ್ತಾಳೆ ಎಂಬುದು ಅನುಮಾನಕ್ಕನ ಅನುಮಾನ.

ಅದಕ್ಕೇ ಪ್ರತಿ ಭಾನುವಾರ ಒಂದು ಪರೀಕ್ಷೆ ನಡೆಯುತ್ತದೆ. ಮಹಡಿಯ ಕೋಣೆಯಲ್ಲಿ, ಹೊಲಿಗೆ ಯಂತ್ರದ ಪಕ್ಕದ ಕುರ್ಚಿಯಲ್ಲಿ ತಂಗಿ ಕಣ್ಣು ಮುಚ್ಚಿ ಕೂರಬೇಕು. ಅಕ್ಕ ನೆಲದ ಮೇಲೆ ಕೂತು, ಗುಂಡಿಗಳ ಡಬ್ಬಿಯಿಂದ ಒಂದು ಅಂಗಿಯ ಗುಂಡಿ ತೆಗೆದು ಪಾದದ ಕೆಳಗೆ ಇಡುತ್ತಾರೆ. ಇದೆಯಾ ಎಂದು ಕೇಳುತ್ತಾರೆ. ಮೊದಮೊದಲು ತಂಗಿ ಪ್ರತಿ ಸಲವೂ ಇದೆ, ಇದೆ ಎನ್ನುತ್ತಿದ್ದಳು. ಅನುಮಾನಕ್ಕ ಖುಷಿಪಡಲಿಲ್ಲ. ಒಂದು ಸಲ ಏನೂ ಇಡದೆ ಇದೆಯಾ ಎಂದರು. ಇದೆ ಎಂದಳು ತಂಗಿ. ಅವತ್ತು ಅಕ್ಕ ಗುಂಡಿಗಳ ಡಬ್ಬಿ ಮುಚ್ಚಿಟ್ಟು ಎದ್ದು ಬಂದರಂತೆ.

ಈ ಭಾನುವಾರವೂ ಪರೀಕ್ಷೆ ಇದೆ. ಕಿಟಕಿಯಿಂದ ಬಿಸಿಲು ಬಂದು ಅರ್ಧ ಹೊಲಿದ ಪರದೆಯ ಮೇಲೆ ಬಿದ್ದಿದೆ. ತಂಗಿ ಕಣ್ಣು ಮುಚ್ಚಿದ್ದಾಳೆ. ಅಕ್ಕ ಅದರ ಮೇಲೊಂದು ಕರವಸ್ತ್ರವನ್ನೂ ಕಟ್ಟಿದ್ದಾರೆ, ನಂಬಿಕೆ ಸಾಲದು. ಎಡಗಾಲಿನ ಕೆಳಗೆ ಗುಂಡಿ ಇಟ್ಟು ಕೇಳುತ್ತಾರೆ. ತಂಗಿ ತಡವರಿಸುತ್ತಾಳೆ. ಗೊತ್ತಾಗುತ್ತಿಲ್ಲ ಎನ್ನುತ್ತಾಳೆ. ಅನುಮಾನಕ್ಕ ಗುಂಡಿಯನ್ನು ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡು, ಬಲಗಾಲನ್ನು ಎತ್ತಿ, ಬರಿಯ ನೆಲದ ಮೇಲೆ ಇಳಿಸುತ್ತಾರೆ.

“ಇದೆಯಾ?”

ತಂಗಿ ಪಾದವನ್ನು ಹಿಂದಕ್ಕೆ ಮುಂದಕ್ಕೆ ಸವರುತ್ತಾಳೆ. ಬೆರಳು ಮಡಚುತ್ತಾಳೆ, ಬಿಡಿಸುತ್ತಾಳೆ. ಹುಬ್ಬು ಥೇಟ್ ಅಕ್ಕನ ಹಾಗೆ ಗಂಟಾಗುತ್ತದೆ.

“ಏನೂ ಇಟ್ಟಿಲ್ಲ ನೀನು. ಬರೀ ನೆಲ ಇದು, ತಣ್ಣಗಿದೆ. ಅನುಮಾನದ ಪಿಶಾಚಿ!”

ಅನುಮಾನಕ್ಕ ತಂಗಿಯ ಆ ಪಾದವನ್ನು ಎರಡೂ ಹಸಿರು ಕೈಗಳಲ್ಲಿ ಹಿಡಿದುಕೊಂಡು ಕೂತುಬಿಡುತ್ತಾರೆ. ಮುಂದೆ ಏನಾಗಬೇಕೆಂದು ಆಸೆ ಎಂದು ಕೇಳಿದರೆ ಕಣ್ಣೊರೆಸಿಕೊಂಡು ಎಡಗಾಲಿನ ಕಡೆ ನೋಡುತ್ತಾರೆ.

“ಇದೂ ಒಂದು ದಿನ ನನ್ನ ಸುಳ್ಳನ್ನ ಹಿಡೀಲಿ. ಇನ್ನೇನೂ ಬೇಡ.”